ಬಿಟ್ಟುಹೋದ ಒಂದು ಮಾತು

"ವಾಯರ್ ಕಡದಾನಲ್ಲ, ಅವನ ಕೈಗಿ ಹುಳ ಬೀಳ್ಲಿ!"

ಔರಾದ ಬಸ್ ಸ್ಟ್ಯಾಂಡಿನ ಎದುರು, ಹೈದರಾಬಾದಿನ ಇಟ್ಟಂಗಿ ಭಟ್ಟಿಗೆ ಆಳು ಒಯ್ಯುವ ಟೆಂಪೋದೊಳಗೆ ಗಂಟು ಎಸೆಯುತ್ತ ಕೇಶರಬಾಯಿ ಶಪಿಸಿದಳು. ಪಕ್ಕದಲ್ಲಿ ನಿಂತಿದ್ದ ವೈಜಿನಾಥ ಒಂದು ಹೆಜ್ಜೆ ಹಿಂದೆ ಸರಿದ.

ವಾಯರನ್ನು ಯಾರೂ ಕಡಿದಿರಲಿಲ್ಲ. ಬೀದರದಿಂದ ಭಾಲ್ಕಿ ಮೇಲೆ ಔರಾದಕ್ಕೆ ಬರುವ ಇಂಟರ್‌ನೆಟ್ ಲೈನು ನೋಡಿಕೊಳ್ಳುವವನು ಇದೇ ಪುಣ್ಯಾತ್ಮ. ತಂತಿ ಒಂದೇ, ಆದರೆ ಅದರೊಳಗೆ ಬ್ಯಾಂಕಿನದು, ದವಾಖಾನೆಯದು, ಸರಕಾರಿ ಕೂಲಿ ಕೆಲಸದ ಅರ್ಜಿಯದು ಎಲ್ಲ ಬೇರೆ ಬೇರೆ ಹರಿಯಬೇಕು. ಒಂದು ಇನ್ನೊಂದರಲ್ಲಿ ಕಲೆಯದಂತೆ ಪ್ರತಿಯೊಂದರ ಹಣೆಗೂ ನಂಬರಿನ ಟ್ಯಾಗು. ದಾರಿಯಲ್ಲಿ ಭಾಲ್ಕಿಯಲ್ಲಿರುವ ಸ್ವಿಚ್ಚು ಎಂಬ ಯಂತ್ರ ತನಗೆ ಹೇಳಿಕೊಟ್ಟ ನಂಬರುಗಳನ್ನಷ್ಟೇ ಮುಂದೆ ಬಿಡುತ್ತದೆ. ಹೊಸ ಗಿರಾಕಿಯ ನಂಬರು ಹಾಕುವಾಗ, ಊಟದ ಅವಸರದಲ್ಲಿ, 'ಸೇರಿಸು' ಎಂಬ ಅರ್ಥದ ಒಂದು ಮಾತನ್ನು ವೈಜಿನಾಥ ಟೈಪು ಮಾಡಲಿಲ್ಲ. ಸ್ವಿಚ್ಚಿಗೇನು ಗೊತ್ತು? ಹಳೆಯದನ್ನೆಲ್ಲ ಒರೆಸಿ ಹೊಸದೊಂದನ್ನೇ ಇಟ್ಟುಕೊಂಡಿತು.

ಬ್ಯಾಂಕಿನವರು, ದವಾಖಾನೆಯವರು ಕೂಗಾಡಿದರು, ಅವರ ನಂಬರು ತಿರುಗಿ ಹಾಕಿದ. ಔರಾದದ ಕೂಲಿ ಅರ್ಜಿಯ ನಂಬರು ನೆನಪೇ ಆಗಲಿಲ್ಲ. ಅರ್ಜಿ ಸೆಂಟರಿನ ಅಬ್ದುಲ ಗಫೂರ, "ನೆಟ್ಟಿನ ಡಬ್ಬಿ ಲೈಟ್ ಉರಿಲತ್ತದ ಸಾಬ್, ಅರ್ಜಿ ಹೋಗವಲ್ದು" ಎಂದು ಫೋನು ಮಾಡಿದಾಗ, ನೋಡುವ ಬೇಸರಕ್ಕೆ, "ಜೆಸಿಬಿ ವಾಯರ್ ಕಡದದ, ತಡೀರಿ" ಎಂದುಬಿಟ್ಟ. ಕೊನೆಗೆ ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಕೆರೆ ಹೂಳೆತ್ತುವ ಕೆಲಸಕ್ಕೆ ಹೆಸರು ಕೊಡುವ ಗಡುವು ಮುಗಿದಿತ್ತು. ಬರದ ವರ್ಷ, ಊರಲ್ಲಿ ಬೇರೆ ಕೆಲಸವೆಲ್ಲಿ?

ಲೈನು ಸರಿಯಾಯಿತೇ ಎಂದು ನೋಡಲು ವೈಜಿನಾಥ ಇವತ್ತು ಬಸ್ ಸ್ಟ್ಯಾಂಡಿನೆದುರಿನ ಸೆಂಟರಿಗೆ ಬಂದಿದ್ದ. ಅದರ ಮೆಟ್ಟಿಲ ಮೇಲೆ ದಿನಾ ಕಾದವಳು ಈ ಕೇಶರಬಾಯಿ ಎಂದು ಗಫೂರನೇ ಈಗ ತೋರಿಸಿ ಒಳಗೆ ಹೋಗಿದ್ದ. ವೈಜಿನಾಥನಿಗೆ ನಾಚಿಕೆಯಿಂದ ಸತ್ತುಹೋಗುವಂತಾಯಿತು.

"ಅಕ್ಕಾ, ವಾಯರ್ ಯಾರೂ ಕಡದಿಲ್ರಿ. ಲೈನಿನಾಂವ ನಾನೇ. ಒಂದ್ ಮಾತ್ ಹಾಕ್ಲಿಕ್ಕಿ ಮರ್ತೀನಿ. ಜೆಸಿಬಿ ಅಂತ ಸುಳ್ಳ ಹೇಳೀನಿ."

"ಒಂದ್ ಮಾತೇನ್ರಿ?"

"ಹೂಂ."

ಬೈಗುಳಕ್ಕೆ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮರಿಯೋದು ಯಾರಿಗಿ ಇಲ್ರಿ? ಖರೆ ಹೇಳಿದ್ರ ಬೀದರಕ್ಕ ಹೋಗಿ ಹೆಸರ ಬರಸ್ತಿದ್ದೆ" ಎಂದಳು. "ನಾಳಿ ಬರ್ತದ, ನಾಳಿ ಬರ್ತದ ಅಂತ ಇಲ್ಲೇ ಕುಂತೆ."

"ಹತ್ರೀ, ಹೊತ್ತಾತು!" ಎಂದು ಆಳು ಒಯ್ಯುವ ಮುಕಾದಮ ಕೂಗಿದ. ಕೇಶರಬಾಯಿ ಪಕ್ಕದಲ್ಲಿ ನಿಂತಿದ್ದ ಮಗಳ ಹೆಗಲಿನ ಪಾಟಿಚೀಲ ತೆಗೆದಳು. ಹುಡುಗಿ ಚೀಲದ ಪಟ್ಟಿ ಬಿಡಲೊಲ್ಲಳು, ಬೆರಳು ಬಿಡಿಸಬೇಕಾಯಿತು.

"ಪುಸ್ತಕ ಸಾಲಿವು. ಸಾಲಿಗೇ ಕೊಟ್ಟುಬಿಡ್ರಿ. ಇದನ್ನರೆ ಮರಿಬ್ಯಾಡ್ರಿ" ಎಂದು ಚೀಲವನ್ನು ವೈಜಿನಾಥನ ಕೈಗಿಟ್ಟಳು.

ಟೆಂಪೋ ಹೊರಟಿತು. ಹುಡುಗಿ ವೈಜಿನಾಥನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ತಿರುವಿನವರೆಗೂ ಅವನ ಕೈಯಲ್ಲಿದ್ದ ಚೀಲವನ್ನೇ ನೋಡುತ್ತ ಹೋದಳು.