ಕೊನಾಡು ಚಿಕ್ಕಮ್ಮನ ಎಡಗೈ

ಬೆಳಗ್ಗೆ ಮರಗೆಣಸು ಸುಲಿಯುವುದರಿಂದ ಹಿಡಿದು ಮಧ್ಯಾಹ್ನ ಕೊನೆಯ ಬಟ್ಟಲು ತುಂಬುವವರೆಗೆ ಡುಫಿ ಫೋನು ಹಿಡಿದು ಚಿಕ್ಕಮ್ಮನ ಬೆನ್ನು ಬಿಡಲಿಲ್ಲ. ಗೆಣಸು ಕುಟ್ಟಿ ಫುಫು ಮುದ್ದೆ ಮಾಡಿ ಮಾರುವ ಕೊನಾಡು ಚಿಕ್ಕಮ್ಮನ ಅಂಗಡಿಯ ಒಂದು ದಿನವನ್ನು ಐವತ್ತು ಸೆಕೆಂಡಿಗೆ ಇಳಿಸಿ, ಕುಮಾಸಿ ಊರಿನ ಬಂಟಾಮ ಪೇಟೆಗೆಲ್ಲ ತೋರಿಸಬೇಕೆಂಬುದು ಅವಳ ಹಟ.

"ನಗು ಚಿಕ್ಕಮ್ಮ, ನಗು!"

"ಒನಕೆ ಕೆಳಗೆ ಕೈಯಿಟ್ಕೊಂಡು ಯಾರೇ ನಗ್ತಾರೆ? ಬಾ, ನಿನ್ ಕೈ ಇಡು. ನಾನು ನಗ್ತೀನಿ."

ಕುಟ್ಟುವವನು ಒನಕೆ ಎತ್ತಿದ, ಚಿಕ್ಕಮ್ಮ ಸರಕ್ಕನೆ ಒರಳಿಗೆ ಕೈಹಾಕಿ ಹಿಟ್ಟು ಮಗುಚಿದಳು, ಒನಕೆ ಬಿತ್ತು. ಫೋನಿನ ಹಿಂಬದಿಯ ಕ್ಯಾಮೆರಾ ಒಡೆದಿದ್ದರಿಂದ ಡುಫಿ ಎಲ್ಲವನ್ನೂ ಸೆಲ್ಫಿ ತೆಗೆಯುವ ಕ್ಯಾಮೆರಾದಲ್ಲೇ ಹಿಡಿದಳು. ಸಂಜೆ ಕೂತು ಕತ್ತರಿಸಿ, ಅಂಟಿಸಿ, ಒನಕೆಯ ಪ್ರತಿ ಏಟಿಗೂ ಡೋಲಿನ ಸದ್ದು ಕೂಡಿಸಿ ವಿಡಿಯೊವನ್ನು ಊರಿಗೆ ಬಿಟ್ಟಳು.

ಮರುದಿನ ಒಂಬತ್ತು ಸಾವಿರ ಜನ ನೋಡಿದ್ದರು. ಡುಫಿ ಸಾರಿನ ಪಾತ್ರೆಯ ಸುತ್ತ ಮೂರು ಸುತ್ತು ಕುಣಿದಳು. ಆಮೇಲೆ ವಿಡಿಯೊ ಕೆಳಗೆ ಜನ ಬರೆದಿದ್ದನ್ನು ಓದಿದಳು.

"ಅಯ್ಯೋ, ಈ ಯಮ್ಮ ಎಡಗೈಲಿ ಬಡಿಸ್ತಾಳೆ!"

"ನಮ್ಮಜ್ಜಿ ಇದ್ದಿದ್ರೆ ಸೌಟಲ್ಲೇ ಬಾರಿಸ್ತಿದ್ಲು."

ಡುಫಿ ಮತ್ತೆ ನೋಡಿದಳು. ನಿಜ! ಮಗುಚಿದ್ದು ಎಡಗೈ, ಸಾರು ಹುಯ್ದಿದ್ದು ಎಡಗೈ, ಬಟ್ಟಲು ಕೊಟ್ಟಿದ್ದೂ ಎಡಗೈ. ಆ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ, ಬಲವನ್ನು ಎಡ ಮಾಡಿಟ್ಟಿತ್ತು.

ಅಷ್ಟರಲ್ಲಿ ಅಂಗಡಿಯ ಗಿರಾಕಿ ಬೋಟೆಮಾ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಶನಿವಾರ ಅವರ ಮೊಮ್ಮಗನ ನಾಮಕರಣ, ಇನ್ನೂರು ಜನರ ಊಟ. ಚಿಕ್ಕಮ್ಮನಿಗೆ ಅಂಗಡಿ ತೆರೆದ ಮೇಲೆ ಅಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಅದೇ ಮೊದಲು.

"ಕೊನಾಡು, ಶನಿವಾರದ ಅಡುಗೆ ಬೇಡ ಕಣೆ. ನಮ್ಮ ಬೀಗಿತ್ತಿ ಕುಮಾಸಿಗೆಲ್ಲ ಮಡಿವಂತಳು. ಎಡಗೈ ಊಟ ಅಂತ ಗೊತ್ತಾದ್ರೆ ಮಗೂನ ಎತ್ಕೊಂಡು ಹೊರಟುಹೋಗ್ತಾಳೆ."

ಚಿಕ್ಕಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಎಡಗೈಯಾ? ನಾನಾ?"

"ಅಮ್ಮಾ, ಅದು ಫೋನು ತಿರುಗಿಸಿರೋದು, ಕನ್ನಡಿ ಥರ," ಎಂದಳು ಡುಫಿ.

"ನನಗೆ ಕನ್ನಡಿ ಪಾಠ ಹೇಳ್ತೀಯಾ? ಕಣ್ಣಿಗೆ ಕಂಡದ್ದು ಕಂಡದ್ದೇ!"

ಡುಫಿ ಎಲ್ಲಾದರೂ ಒಂದು ಸಾಕ್ಷಿ ಸಿಕ್ಕೀತೇ ಎಂದು ವಿಡಿಯೊವನ್ನು ಬೆರಳಲ್ಲಿ ನಿಧಾನ ಸರಿಸತೊಡಗಿದಳು. ನಲವತ್ತನೆಯ ಸೆಕೆಂಡಿನಲ್ಲಿ ಬೆರಳು ನಿಂತಿತು. ಚಿಕ್ಕಮ್ಮನ ಭುಜದ ಹಿಂದೆ, ಬೆಂಚಿನ ಮೇಲೆ, ನೇರಳೆ ತಲೆವಸ್ತ್ರದ ಹೆಂಗಸೊಬ್ಬಳು ಕಣ್ಣುಮುಚ್ಚಿ ಮೇಕೆಯ ಮೂಳೆ ಚೀಪುತ್ತಿದ್ದಳು. ಮೂಳೆ ಹಿಡಿದ ಎಡಗೈ ಮಣಿಕಟ್ಟಿನವರೆಗೂ ಸಾರಿನಲ್ಲಿ ತೊಯ್ದಿತ್ತು.

"ಅಮ್ಮಾ, ಇವರು ಯಾರು ಸ್ವಲ್ಪ ಹೇಳ್ತೀರಾ?"

ಬೋಟೆಮಾ ಅಮ್ಮ ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. ತಮ್ಮ ತಲೆಯ ಮೇಲಿದ್ದ ಅದೇ ನೇರಳೆ ತಲೆವಸ್ತ್ರವನ್ನು ಮೆಲ್ಲಗೆ ಮುಟ್ಟಿಕೊಂಡರು.

"ಸುಳ್ಳು! ಹುಟ್ಟಿದಾಗಿನಿಂದ ನಾನು ಬಟ್ಟಲಿಗೆ ಎಡಗೈ ಇಟ್ಟವಳೇ ಅಲ್ಲ!"

"ಕಣ್ಣಿಗೆ ಕಂಡದ್ದು ಕಂಡದ್ದೇ, ಅಲ್ವಾ ಅಕ್ಕ?" ಎಂದು ಚಿಕ್ಕಮ್ಮ ಕಿಸಕ್ಕೆಂದಳು. ನಗು ತಡೆಯಲಾರದೆ ಕುಟ್ಟುವವನು ಒನಕೆಗೇ ಜೋತುಬಿದ್ದ.

"ಹಲ್ಲು ಬಿಡ್ತೀರಾ? ಒಂಬತ್ತು ಸಾವಿರ ಜನ ನೋಡಿದಾರೆ! ಏ ಹುಡುಗಿ, ತಿರುಗಿಸೇ ಅದನ್ನ! ನಮ್ಮ ಬೀಗಿತ್ತಿ ನೋಡೋ ಮೊದಲು ತಿರುಗಿಸು!"

ಡುಫಿ ಒಂದು ಗುಂಡಿ ಒತ್ತಿದಳು. ಇಡೀ ಅಂಗಡಿ ಮಗುಚಿಕೊಂಡಿತು. ಚಿಕ್ಕಮ್ಮ ಬಲಗೈಯಲ್ಲಿ ಬಡಿಸಿದಳು, ಬೋಟೆಮಾ ಅಮ್ಮ ಬಲಗೈಯಲ್ಲಿ ಚೀಪಿದರು. ಹಳೆಯದನ್ನು ಅಳಿಸಿ ಹೊಸದನ್ನು ಬಿಟ್ಟದ್ದಾಯಿತು.

ಬೋಟೆಮಾ ಅಮ್ಮ ಅದನ್ನು ನಾಲ್ಕು ಸಲ ನೋಡಿದರು. ನಾಲ್ಕನೆಯ ಸಲ ಹುಬ್ಬು ಗಂಟಾಯಿತು.

"ನಾನು ಬರೋದು ಎರಡೇ ಸೆಕೆಂಡಾ? ಶನಿವಾರ ಚಿಕ್ಕಮ್ಮನ ಪಾತ್ರೆಗಳ ಜೊತೆ ನೀನೂ ಬಾ. ನಮ್ಮ ಬೀಗಿತ್ತಿ ಎಲ್ಲಿ ಕೂತಿರ್ತಾಳೆ ತೋರಿಸ್ತೀನಿ. ಅವಳ ಕಡೆಗೆ ಈ ಕನ್ನಡಿ ಕ್ಯಾಮೆರಾನೇ ಹಿಡಿ."