ಗುಬ್ಬಿ ನುಂಗಿದ ಮೊದಲ ಗುಟುಕು

ಐದು ವರ್ಷ ತುಂಬಿದರೂ ಗುಬ್ಬಿ ಬಾಯಿಂದ ಒಂದು ತುತ್ತು ಉಂಡವನಲ್ಲ. ಹುಟ್ಟುವಾಗಲೇ ಅವನ ಅನ್ನನಾಳ ಅರ್ಧಕ್ಕೆ ನಿಂತುಹೋಗಿತ್ತು. ಹಾಲು, ಗಂಜಿ ಎಲ್ಲವೂ ಹೊಟ್ಟೆಗೆ ಜೋಡಿಸಿದ ಸಣ್ಣ ನಳಿಕೆಯಲ್ಲೇ ಇಳಿಯಬೇಕು. ತಮ್ಮನ ಎದುರು ತಿನ್ನಲು ಮನಸ್ಸಾಗದೆ, ಎರಡನೇ ತರಗತಿಯಲ್ಲಿದ್ದ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಿಸ್ಕತ್ತು ಮುಗಿಸುತ್ತಿದ್ದಳು.

ಕೊನೆಗೂ ಆಪರೇಷನ್ ಆಯಿತು. "ದಾರಿ ಕೂಡಿದೆ. ಇನ್ಮೇಲೆ ಮೆತ್ತಗಿರೋದು ಏನು ಬೇಕಾದ್ರೂ ತಿನ್ಲಿ," ಎಂದರು ಡಾಕ್ಟರು. ಆದರೆ ಚಮಚ ಕಂಡರೆ ಸಾಕು, ಗುಬ್ಬಿ ತುಟಿ ಬಿಗಿದು ಗೋಡೆಗೆ ಮುಖ ಮಾಡುತ್ತಿದ್ದ. ಬಸ್ಸು ಓಡಿಸುವ ಅಪ್ಪ ಕೋತಿಯ ಹಾಗೆ ಕುಣಿದ. ಬಟ್ಟೆ ಹೊಲಿಯುವ ಅಮ್ಮ ಕೈಮುಗಿದು ಬೇಡಿಕೊಂಡಳು. ಜಪ್ಪಯ್ಯ ಅಂದರೂ ಹುಡುಗ ಬಾಯಿ ತೆರೆಯಲಿಲ್ಲ.

"ತಿನ್ನು ಅನ್ನೋದನ್ನೇ ಬಿಟ್ಬಿಡಿ," ಎಂದಳು ನುಂಗುವುದನ್ನು ಕಲಿಸುತ್ತಿದ್ದ ದಾದಿ. "ಜನ ಖುಷಿಯಾಗಿ ತಿನ್ನೋ ಕಡೆ ಕರ್ಕೊಂಡು ಹೋಗಿ. ಸುಮ್ನೆ ನೋಡ್ಲಿ."

ಹಾಗೆ ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಬಫೆ ಹೋಟೆಲಿಗೆ ಹೋದರು.

ಗಾಜಿನ ಬಾಗಿಲು ದಾಟಿದ್ದೇ ಗುಬ್ಬಿ ನಿಂತಲ್ಲೇ ನಿಂತ. ಕಣ್ಣು ಹಾಯಿಸಿದಷ್ಟೂ ಮೇಜುಗಳು. ಮುಚ್ಚಳ ತೆರೆದಲ್ಲೆಲ್ಲ ಭುಸ್ಸೆಂದು ಏಳುವ ಹಬೆ, ಕಲ್ಲಂಗಡಿ ಹೋಳುಗಳ ಗುಡ್ಡ, ದೀಪದ ಬೆಳಕನ್ನು ಒಳಗೇ ಹಿಡಿದಿಟ್ಟುಕೊಂಡ ಕೆಂಪು ಜೆಲ್ಲಿ.

"ಇದೆಲ್ಲ ಯಾರ್ದು?" ಎಂದು ಪಿಸುಗುಟ್ಟಿದ.

"ನಮ್ದೇ ಕಣೋ. ಏನು ಬೇಕಾದ್ರೂ ತಗೋಬಹುದು," ಎಂದಳು ಅಕ್ಕ.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬಿಡು. ಯಾರೂ ಬೈಯಲ್ಲ."

ಆ ಮಾತು ಅವನಿಗೆ ಹಿಡಿಸಿತು. ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಹೊರಟ. ಒಂದೊಂದು ಪಾತ್ರೆಯ ಮುಂದೂ ತುದಿಗಾಲಲ್ಲಿ ನಿಂತು ಮೂಸಿದ. ಹಿಂದೆ ಸಾಲು ಬೆಳೆಯಿತು. ಯಾರೂ ಗೊಣಗಲಿಲ್ಲ. "ಇವರೆಲ್ಲ ನನ್ನ ಬಸ್ಸಿಗೇ ಬರಬಾರ್ದಾ?" ಎಂದು ಅಪ್ಪ ಅಮ್ಮನ ಕಿವಿಯಲ್ಲಿ ಹೇಳಿದ.

ಒಂದು ಸುತ್ತು ಮುಗಿಸಿ ಬಂದ ಗುಬ್ಬಿ ಕುಂಬಳಕಾಯಿ ಸೂಪಿನ ಮುಂದೆ ನಿಂತುಬಿಟ್ಟ. ಅದರ ಬಣ್ಣವನ್ನು ನೋಡಿಯೇ ನೋಡಿದ.

"ಎಷ್ಟು ಹಾಕ್ಲಿ ಸಾಹೇಬ್ರೆ?" ಎಂದ ಅಡುಗೆಯವ.

"ನಾನೇ ಹಾಕೊಳ್ತೀನಿ."

ಅಡುಗೆಯವ ತಟ್ಟೆಯ ಮೇಲೊಂದು ಬಟ್ಟಲಿಟ್ಟು ಸೌಟು ಕೊಟ್ಟ. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಬಿಳಿ ಮೇಜುಬಟ್ಟೆಗೆ. ಅಮ್ಮ ಮುಂದೆ ಬಾಗಿದಳು. ಅಪ್ಪ ಅವಳ ಮುಂಗೈ ಹಿಡಿದು ತಡೆದ.

ತಮ್ಮ ಮೇಜಿಗೆ ಬಂದಾಗ ಅಕ್ಕ ಕೆನ್ನೆಯುಬ್ಬಿಸಿ ಜೆಲ್ಲಿ ತಿನ್ನುತ್ತಿದ್ದಳು. ಗುಬ್ಬಿ ಅವಳ ಗಂಟಲ ಮೇಲೆ ಬೆರಳಿಟ್ಟ.

"ಇನ್ನೊಂದ್ಸಲ ನುಂಗು."

ಅವಳು ನುಂಗಿದಳು. ಅವನು ಬೆರಳನ್ನು ತನ್ನ ಗಂಟಲಿಗೆ ತಂದುಕೊಂಡ. ಇನ್ನೊಂದು ಕೈಯಲ್ಲಿ ಚಮಚ ಎತ್ತಿದ. ಅಪ್ಪ ಅಮ್ಮ ಬೇರೆಲ್ಲೋ ನೋಡುವವರಂತೆ ನಟಿಸಿದರು.

ಗುಟುಕ್.

ಗುಬ್ಬಿಯ ಕಣ್ಣು ಅಗಲವಾಯಿತು. ಗಂಟಲ ಮೇಲಿದ್ದ ಕೈ ಎದೆಗಿಳಿದು ಮೆಲ್ಲಮೆಲ್ಲಗೆ ಕೆಳಗೆ ಸರಿಯಿತು. "ಅಮ್ಮಾ, ಬಿಸಿ ಇಳೀತಾ ಇದೆ. ಇಲ್ಲಿ... ಈಗ ಇಲ್ಲಿ... ಹೊಟ್ಟೆಗೆ ಬಂತು!"

ಅಪ್ಪ ತನ್ನ ಬಟ್ಟಲಿನಿಂದ ಒಂದು ಚಮಚ ಸೂಪು ಕುಡಿದು, ಕಣ್ಣು ಮುಚ್ಚಿ ಕಾದ. ಎದೆಯೊಳಗೆ ಆ ಬೆಚ್ಚನೆಯ ಗೆರೆ ಇಳಿಯುವುದು ಅವನಿಗೂ ತಿಳಿಯಿತು. ಇಷ್ಟು ವರ್ಷ ದಿನಾ ಉಂಡಿದ್ದ, ಒಮ್ಮೆಯೂ ಗಮನಿಸಿರಲಿಲ್ಲ.

"ಹೌದಲ್ಲೇ," ಎಂದ, ಅಮ್ಮನ ಕಡೆ ತಿರುಗಿ. "ನೀನೂ ಕುಡಿದು ನೋಡು."

ಅಕ್ಕ ಮಾತ್ರ ಕುರ್ಚಿಯ ಮೇಲೆ ಹತ್ತಿ, ಪಕ್ಕದ ಮೇಜಿನ ಅಪರಿಚಿತರಿಗೆ ಕೂಗಿ ಹೇಳಿದಳು: "ನಮ್ಮ ಗುಬ್ಬಿ ನುಂಗಿದ!" ಅವರು ತಬ್ಬಿಬ್ಬಾಗಿ ನೋಡಿ, ತಮಗೇನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು.

ನಳಿಕೆ ತೆಗೆಯಲು ಇನ್ನೂ ಕೆಲವು ತಿಂಗಳು ಹಿಡಿಯಿತು. ನಡುವೆ ಗುಬ್ಬಿ ಮತ್ತೆ ತುಟಿ ಬಿಗಿದ ದಿನಗಳೂ ಇದ್ದವು. ಆ ಭಾನುವಾರ ಮಾತ್ರ ಅವನು ಬಟ್ಟಲಿನ ತಳ ಕಾಣುವವರೆಗೂ ಏಳಲಿಲ್ಲ. ಪ್ರತಿ ಗುಟುಕಿಗೂ ಅಂಗೈಯನ್ನು ಎದೆಯಿಂದ ಹೊಟ್ಟೆಯವರೆಗೆ ತರುತ್ತಿದ್ದ. ಅಮ್ಮನೂ ಅವನ ಜೊತೆ ತನ್ನ ಕೈಯನ್ನು ಹಾಗೇ ಇಳಿಸುತ್ತಿದ್ದಳು.