ತೇಗು ಬಂತು

ಹಡಗು ಬಂದ ದಿನ ನಮ್ಮ ಪ್ರೊಬೊಲಿಂಗೊ ಬಂದರಿನ ಸಕ್ಕರೆ ಗೋದಾಮಿನಲ್ಲಿ ಊಟಕ್ಕೆ ಹತ್ತೇ ನಿಮಿಷ. ಹತ್ತು ನಿಮಿಷದಲ್ಲಿ ಹಮಾಲರು ಉಣ್ಣುವುದಿಲ್ಲ, ತುಂಬಿಕೊಳ್ಳುತ್ತಾರೆ. ಅನ್ನ, ಕರಿದ ಸೋಯಾಕಾಳಿನ ತೆಂಪೆ, ಖಾರದ ಸಾಂಬಾಲ್ ಚಟ್ನಿ, ಮೇಲೆ ಒಂದು ಚೊಂಬು ನೀರು. ಆಮೇಲೆ ಆ ಹೊಟ್ಟೆಯ ಜೊತೆಗೆ ಐವತ್ತು ಕಿಲೋ ಮೂಟೆ ಹೊತ್ತು ಹಡಗಿನ ಹಲಗೆ ಹತ್ತಬೇಕು.

ನನ್ನ ಗಂಡ ತುಗಿರಾನ್‌ಗೆ ಮೂರು ತಿಂಗಳಿಂದ ಆ ಹಲಗೆಯ ಮೇಲೆ ಎದೆ ಹಿಡಿಯುತ್ತಿತ್ತು. ಅದೂ ಉಂಡ ಮೇಲೆಯೇ. "ಗಾಳಿ ಕೂತಿದೆ" ಅಂದರು ಎಲ್ಲರೂ. ಗಾಳಿ ಕೂತರೆ ನಮ್ಮಲ್ಲಿ ಮದ್ದು ಒಂದೇ, ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಗೀರುವುದು. ಚರ್ಮದ ಮೇಲೆ ಕೆಂಪು ಗೆರೆ ಏಳಬೇಕು, ಆಮೇಲೆ ತೇಗು ಬರಬೇಕು. ಬಂದರೆ ಗಾಳಿ ಹೋಯಿತು ಎಂದು ಲೆಕ್ಕ. ಅದೇ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುವ ನಾನು ಎಷ್ಟು ಸಲ ಗೀರಿದೆನೋ. ಪ್ರತಿ ಸಲ ತೇಗು ಬಂತು, ನೋವೂ ಹೋಯಿತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ಆ ಗೆರೆಗಳನ್ನು ನೋಡಿ ತಲೆ ಅಲ್ಲಾಡಿಸಿದರು.

"ಇವರಿಗೆ ಹಿಡೀತಿರೋದು ಹೃದಯ, ಲಸ್ಮಿ. ಹೊಟ್ಟೆ ಒಂದೇ ಸಲ ಬಿರಿಯೋ ಹಾಗೆ ಹಿಗ್ಗಿದ್ರೆ ನರಗಳು ಸುದ್ದಿ ಮುಟ್ಟಿಸ್ತವೆ, ಹೃದಯಕ್ಕೆ ರಕ್ತ ಕೊಡೋ ನಾಳಗಳು ಬಿಗೀತವೆ. ಗಟ್ಟಿ ಆಳಿಗೆ ಅದು ಗೊತ್ತೂ ಆಗಲ್ಲ. ಇವರ ನಾಳ ಮೊದಲೇ ಕಟ್ಟಿರೋ ಹಾಗಿದೆ. ಅದರ ಮೇಲೆ ಮೂಟೆ. ರಕ್ತ ಎಲ್ಲಿಂದ ಸಾಲಬೇಕು? ಗೀರುವಾಗ ಮೂಟೆ ಇಳಿಸಿ ಕೂತಿರ್ತಾರಲ್ಲ, ನೋವು ಹೋಗೋದು ಅದಕ್ಕೆ."

ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಸರದಿ ಬರಲು ಇನ್ನೂ ಮೂರು ವಾರ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ಉಂಡು ಅರ್ಧ ಗಂಟೆ ಕೂರಬೇಕು, ಭಾರ ಕಡಿಮೆ ಮಾಡಬೇಕು ಎಂದು ಇನ್ನೊಂದು ಹಾಳೆಯಲ್ಲಿ ಬರೆದುಕೊಟ್ಟರು.

ಆ ಹಾಳೆ ಓದಿ, ನಾವೆಲ್ಲ ಮರ್ಯಾದೆಗೆ ‘ಪಾಕ್’ ಎನ್ನುವ ಮೇಸ್ತ್ರಿ ಹೆಂಡಾರ್ತೊ ಹೊಟ್ಟೆ ಸವರಿಕೊಂಡ. "ಹೊಟ್ಟೆ ತುಂಬಿದ್ರೆ ಎದೆ ಕೆಡೋದಾದ್ರೆ ನಾನು ಸತ್ತು ಹತ್ತು ವರ್ಷ ಆಗಿರ್ಬೇಕಿತ್ತಲ್ಲೋ."

"ನೀವು ಹೊರೋದು ಆ ಹೊಟ್ಟೆ ಒಂದೇ ಅಲ್ವಾ, ಪಾಕ್," ಅಂದ ತುಗಿರಾನ್.

ಎಲ್ಲರೂ ನಕ್ಕರು. ಹೆಂಡಾರ್ತೊನೂ ನಕ್ಕ. ಅರ್ಧ ಗಂಟೆ ಮಾತ್ರ ಕೊಡಲಿಲ್ಲ.

ಮುಂದಿನ ಹಡಗಿನ ದಿನ ನಾನು ತುಗಿರಾನ್‌ನ ತಟ್ಟೆಯಿಂದ ಅರ್ಧ ಅನ್ನ ತೆಗೆದಿಟ್ಟೆ. "ಖಾಲಿ ಹೊಟ್ಟೇಲಿ ಸಂಜೆವರೆಗೆ ಹೊರೋದು ನೀನಾ?" ಎಂದು ಅದನ್ನೂ ಕಿತ್ತುಕೊಂಡು ಉಂಡ. ಎರಡನೇ ಮೂಟೆಗೇ ಹಲಗೆಯಿಂದ ಇಳಿದು ಬಂದ. ಮುಖ ಬೂದಿ, ಮೈಯೆಲ್ಲ ಬೆವರು.

"ಆಸ್ಪತ್ರೆಗೆ ಹೋಗೋಣ, ಕಾಂಗ್," ಎಂದು ಅವನ ಕೈ ಹಿಡಿದೆ.

"ಹಡಗು ನಿಂತಿರುವಾಗ ಹೋದ್ರೆ ನಾಳೆ ಗೇಟೊಳಗೆ ಬಿಡಲ್ಲ. ಗೀರು."

ನನಗೆ ಗೊತ್ತಿತ್ತು. ಡಾಕ್ಟರಮ್ಮ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು. ಆದರೂ ಗೀರಿದೆ. ಸುತ್ತ ನಿಂತ ಹಮಾಲರು ಕಾದರು, ಹೆಂಡಾರ್ತೊ ಗಡಿಯಾರ ನೋಡಿದ. ತೇಗು ಬಂತು, ದೊಡ್ಡದಾಗಿಯೇ. "ಹೋಯ್ತು ಬಿಡು ಗಾಳಿ," ಎಂದು ಯಾರೋ ಬೆನ್ನು ತಟ್ಟಿದರು. ನನ್ನ ಜೀವವೂ ಹಗುರಾಯಿತು. ಅವನು ಎದ್ದು ಅಂಗಿ ಹಾಕಿಕೊಂಡ, ಮೂಟೆಗೆ ಬೆನ್ನು ಕೊಟ್ಟ, ಅದರ ಕೆಳಗೇ ಕುಸಿದ. ಮೂಟೆ ಎತ್ತುವಷ್ಟರಲ್ಲಿ ಉಸಿರಿರಲಿಲ್ಲ.

ಮನೆಯಲ್ಲಿ ಅವನ ಮೈ ತೊಳೆಯುವಾಗ ಬೆನ್ನ ತುಂಬ ನನ್ನ ಗೆರೆಗಳು. ನೀರು ಹೊಯ್ದಷ್ಟೂ ಕೆಂಪಾಗಿ ಕಂಡವು.

ಹೆಂಡಾರ್ತೊ ಬಾಗಿಲ ಹೊರಗೆ ನಿಂತು ಕರೆದ. ಕೈಯಲ್ಲಿ ಒಂದು ಹಾಳೆ. ಗಾಳಿ ಕೂತು ಸತ್ತ, ಕೆಲಸಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಬರೆದಿತ್ತು.

"ಸಹಿ ಹಾಕಮ್ಮ. ನೀನೇ ತಾನೇ ಗೀರಿದ್ದು? ಎಲ್ಲರೂ ನೋಡಿದ್ದಾರೆ."

"ಗೀರಿದ್ದು ನಾನೇ, ಪಾಕ್. ಗೊತ್ತಿದ್ದೂ ಗೀರಿದೆ. ಅದನ್ನೂ ಬರೀರಿ. ಊಟಕ್ಕೆ ಹತ್ತು ನಿಮಿಷ ಕೊಟ್ಟಿದ್ದು ಯಾರು, ಡಾಕ್ಟರ್ ಹಾಳೆ ಓದಿ ನಕ್ಕಿದ್ದು ಯಾರು, ಅದನ್ನೂ ಬರೀರಿ. ಸಹಿ ಹಾಕ್ತೀನಿ."

"ಅದಕ್ಕೆಲ್ಲ ಇದರಲ್ಲಿ ಜಾಗ ಇಲ್ಲ."

"ಹಾಗಾದ್ರೆ ನನ್ನ ಸಹಿಗೂ ಇಲ್ಲ."

ಅವನು ಹಾಳೆ ಮಡಚಿಕೊಂಡು ಹೋದ. ನಾನು ಒಳಗೆ ಬಂದು ತುಗಿರಾನ್‌ನ ಕಾಲು ತೊಳೆಯತೊಡಗಿದೆ.